ಪರರ ಹೆಸರಿನ ಹಕ್ಕುಪತ್ರ

ದಕ್ಷಿಣ ಆಫ್ರಿಕದ ನೆಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದ ಭಾರತೀಯರನ್ನು ಹಿಂಬಾಲಿಸಿ, ಸ್ವಂತ ಖರ್ಚಿನಿಂದ ಸಮುದ್ರವನ್ನು ದಾಟಿದ ಗುಜರಾತಿನ ವರ್ತಕರು, ಅಲ್ಲಿಂದ ವಾಲ್ ನದಿಯ ಆಚೆಯ ಟ್ರಾನ್ಸ್‌ವಾಲ್ ಗಣರಾಜ್ಯವನ್ನು ಹೊಕ್ಕು, ಡಚ್ ಮೂಲದ ಬೋಯರ್ ರೈತರಿಗೆ ಬಟ್ಟೆಬರೆ ದಿನಸಿಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ನೆಲೆಯೂರಿದರು. ಅವರು ಬಯಸಿದುದು ರಾಜ್ಯಾಧಿಕಾರವನ್ನಲ್ಲ. ಅಂಗಡಿಯ ಅಡಿಯ ನೆಲವು ತಮ್ಮದಾಗಿರಬೇಕೆಂಬುದಷ್ಟೇ ಅವರ ಅಪೇಕ್ಷೆ. ಇದಕ್ಕೆ ಉತ್ತರವಾಗಿ ಬಂದುದು 1885ರ ಮೂರನೆಯ ಕಾಯಿದೆ. ಕೂಲಿಗಳು, ಅರಬರು, ಮಲಯರು, ತುರ್ಕಿ ಸಾಮ್ರಾಜ್ಯದ ಮಹಮ್ಮದೀಯ ಪ್ರಜೆಗಳು, ಹೀಗೆ ಏಷ್ಯದವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ನಿಲ್ಲಿಸಿ, ಇವರಿಗೆ ಪೌರತ್ವವಿಲ್ಲ, ಸ್ಥಿರಾಸ್ತಿಯ ಒಡೆತನವಿಲ್ಲ ಎಂದು ಆ ಶಾಸನವು ವಿಧಿಸಿತು. ವ್ಯಾಪಾರಕ್ಕೆಂದು ನೆಲಸುವವನು ಎಂಟು ದಿನಗಳೊಳಗೆ 25 ಪೌಂಡು ತೆತ್ತು ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿದ್ದಿತು.

ಈ ವರ್ತಕರು ಬ್ರಿಟಿಷ್ ಚಕ್ರವರ್ತಿನಿಯ ಪ್ರಜೆಗಳಾಗಿದ್ದರೆಂಬುದನ್ನೂ, ಬ್ರಿಟನ್ನಿಗೂ ಟ್ರಾನ್ಸ್‌ವಾಲಿಗೂ ಆದ 1884ರ ಲಂಡನ್ ಒಡಂಬಡಿಕೆಯ ಹದಿನಾಲ್ಕನೆಯ ಕಲಮು ಮೂಲನಿವಾಸಿಗಳ ಹೊರತು ಕಾನೂನಿಗೆ ವಿಧೇಯರಾದ ಸಮಸ್ತರಿಗೂ ಆ ದೇಶದಲ್ಲಿ ವಾಸಿಸುವ, ಆಸ್ತಿ ಹೊಂದುವ ಸ್ವಾತಂತ್ರ್ಯವನ್ನು ವಾಗ್ದಾನ ಮಾಡಿದ್ದಿತೆಂಬುದನ್ನೂ ನೆನೆದರೆ, ಅನ್ಯಾಯದ ಆಳವು ವಿದಿತವಾಗುತ್ತದೆ. ಆ ವಾಗ್ದಾನದಿಂದಲೂ ನೆಲದ ನಿಜವಾದ ಒಡೆಯರಾದ ಆಫ್ರಿಕದ ಜನರನ್ನೇ ಹೊರಗಿಟ್ಟಿದ್ದರೆಂಬುದನ್ನೂ ಇಲ್ಲಿ ಮರೆಯಲಾಗದು. ಲಂಡನ್ನಿನ ಆಕ್ಷೇಪಣೆಯ ಫಲವಾಗಿ 1886ರಲ್ಲಿ ಶುಲ್ಕವು 3 ಪೌಂಡಿಗೆ ಇಳಿಯಿತು; ಆರೋಗ್ಯರಕ್ಷಣೆಯ ನೆಪದಲ್ಲಿ ಸರ್ಕಾರವು ಗೊತ್ತುಮಾಡುವ ಬೀದಿಗಳಲ್ಲಿಯೂ ಕೇರಿಗಳಲ್ಲಿಯೂ ಮಾತ್ರ ಆಸ್ತಿಯನ್ನು ಹೊಂದಬಹುದೆಂಬ ತಿದ್ದುಪಡಿಯೂ ಸೇರಿತು. ಆ ಆರೋಗ್ಯರಕ್ಷಣೆಯ ಪರಿಯಾದರೂ ಎಂಥದು! ಜೋಹಾನ್ಸ್‌ಬರ್ಗಿನ ಭಾರತೀಯರ ಕೇರಿಯಲ್ಲಿ ಜನರು ತೊಂಬತ್ತೊಂಬತ್ತು ವರ್ಷಗಳ ಗುತ್ತಿಗೆಯ ಮೇಲೆ ನಿವೇಶನಗಳನ್ನು ಪಡೆದಿದ್ದರು. ದೀಪವಿಲ್ಲ, ಚರಂಡಿಯಿಲ್ಲ, ರಸ್ತೆಯಿಲ್ಲ. 1904ರಲ್ಲಿ ಪ್ಲೇಗು ತಲೆದೋರಿದಾಗ ನಿವಾಸಿಗಳನ್ನು ದೂರದ ಬಯಲಿನ ಡೇರೆಗಳಿಗೆ ಸಾಗಿಸಿ, ಕೇರಿಯನ್ನೇ ಸುಟ್ಟು ಬೂದಿಮಾಡಿದರು.

ಕೇರಿಯ ಹೊರಗೆ ನೆಲವನ್ನು ಕೊಳ್ಳಬಯಸಿದವನಿಗೆ ಉಳಿದ ಮಾರ್ಗವು ಒಂದೇ. ಹಣವು ಭಾರತೀಯನದು, ಕ್ರಯಪತ್ರದ ಮೇಲಿನ ಹೆಸರು ಮಾತ್ರ ಬಿಳಿಯ ಮಿತ್ರನೊಬ್ಬನದು. ಆ ಮಿತ್ರನು ಅದೇ ಆಸ್ತಿಯನ್ನು ಪೂರ್ಣ ಬೆಲೆಗೆ ಅಡವಿಟ್ಟಂತೆ ಭಾರತೀಯನಿಗೆ ಆಧಾರಪತ್ರವನ್ನು ಬರೆದುಕೊಡುವನು. ಅದರ ಮೇಲೆ ದೀರ್ಘಕಾಲದ ಗುತ್ತಿಗೆಯ ಕರಾರನ್ನೂ ಬರೆಯುವುದುಂಟು. ಹೀಗೆ ನಿಜವಾದ ಒಡೆಯನು ಸಾಲಿಗನ, ಗೇಣಿದಾರನ ವೇಷಗಳನ್ನು ತೊಟ್ಟು, ತನ್ನದೇ ಮನೆಯಲ್ಲಿ ಪರರ ಸೌಜನ್ಯದಿಂದ ವಾಸಿಸಬೇಕಾಯಿತು. ಮಿತ್ರನು ಸತ್ತರೆ, ದಿವಾಳಿಯೆದ್ದರೆ, ಮನಸ್ಸು ಕೆಟ್ಟರೆ ಗತಿಯೇನೆಂಬ ಚಿಂತೆಯು ಆ ಪತ್ರಗಳೊಡನೆಯೇ ಪೆಟ್ಟಿಗೆಯಲ್ಲಿರುತ್ತಿದ್ದಿತು. ಪ್ರಿಟೋರಿಯಾದ ಚರ್ಚ್ ಬೀದಿಯಲ್ಲಿ ಕಾಯಿದೆಗೆ ಮುಂಚೆಯೇ ನಿವೇಶನವನ್ನು ಕೊಂಡಿದ್ದ ಅಬೂಬಕರ್ ಆಮೋದ್ ಎಂಬ ವರ್ತಕನು ತೀರಿಕೊಂಡಾಗ, ಆತನ ವಾರಸುದಾರರಿಗೆ ಆ ನೆಲವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವುದು ಸಾಧ್ಯವಾಗದೆ, ಅವರ ಪರವಾಗಿ ಗಾಂಧೀಜಿಯವರು ವರ್ಷಗಟ್ಟಳೆ ಹೋರಾಡಿದರು. 1907ರ ಕರಾಳ ಕಾಯಿದೆಯಲ್ಲಿ, 1885ಕ್ಕೆ ಮುಂಚೆ ಸಂಪಾದಿಸಿದ ಆಸ್ತಿಯು ಮರಣಶಾಸನದಿಂದ ಇಲ್ಲವೆ ಉತ್ತರಾಧಿಕಾರದಿಂದ ಇಳಿದುಬರಬಹುದೆಂಬ ಕಲಮೊಂದು ಸೇರಿದುದನ್ನು ಔದಾರ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಬೆರಳೊತ್ತುಗಳನ್ನು ಕೊಡಬೇಕೆಂದು ಒಂದು ಜನಾಂಗವನ್ನೇ ಅವಮಾನಿಸಿದ ಶಾಸನವು ಅದು.

ಬ್ರಿಟಿಷರೊಡನೆ ನಡೆದ ಯುದ್ಧದಲ್ಲಿ ಬೋಯರರು ಸೋತು, ಟ್ರಾನ್ಸ್‌ವಾಲಿನ ಮೇಲೆ ಬ್ರಿಟಿಷರ ಧ್ವಜವು ಏರಿದ ಮೇಲೆಯೂ ಕಾಯಿದೆಯು ಅಳಿಯಲಿಲ್ಲ. ಭಾರತೀಯರ ಸಂಕಷ್ಟವನ್ನು ಯುದ್ಧದ ಕಾರಣಗಳಲ್ಲೊಂದೆಂದು ಬ್ರಿಟಿಷ್ ಮಂತ್ರಿಗಳು ಸಾರಿದ್ದರು. ಗೆದ್ದ ಮೇಲೆ ಅದೇ ಕಾಯಿದೆಯನ್ನು ಹೆಚ್ಚು ದಕ್ಷತೆಯಿಂದ ನಡೆಸಿದರು. ಇತ್ತ ಅದೇ ಸಾಮ್ರಾಜ್ಯದ ಛತ್ರಛಾಯೆಯಲ್ಲಿ, 1833ರ ಸನದು ಯೂರೋಪಿಯನರಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳಲ್ಲಿ ಭೂಮಿಯನ್ನು ಹೊಂದುವ ಹಕ್ಕನ್ನು ಕೊಟ್ಟ ತರುವಾಯ, ನಮ್ಮ ಕೊಡಗಿನ ಬೆಟ್ಟಗಳಲ್ಲಿ ಆಂಗ್ಲ ತೋಟಗಾರರು ಕಾಡನ್ನು ಕಡಿದು ಕಾಫಿಯನ್ನು ಬೆಳೆದು, ಎಸ್ಟೇಟುಗಳನ್ನು ತಮ್ಮ ಸ್ವಂತ ಹೆಸರಿನಲ್ಲಿಯೇ ನಿರಾತಂಕವಾಗಿ ಅನುಭವಿಸುತ್ತಿದ್ದರು.

ನೆಟಾಲಿನ ಸ್ಥಿತಿಯು ಆಗಿನ್ನೂ ಬೇರೆಯಾಗಿದ್ದಿತು. 1904ರಲ್ಲಿ ಗಾಂಧೀಜಿ ಡರ್ಬನ್ನಿನ ಸಮೀಪದಲ್ಲಿ ನೂರು ಎಕರೆ ಕೊಂಡು ಫೀನಿಕ್ಸ್ ಆಶ್ರಮವನ್ನು ಕಟ್ಟಲು ಯಾವ ಕಾಯಿದೆಯೂ ಅಡ್ಡಬರಲಿಲ್ಲ. ಟ್ರಾನ್ಸ್‌ವಾಲಿನಲ್ಲಾದರೋ, 1910ರಲ್ಲಿ, ಕರಾಳ ಕಾಯಿದೆಯನ್ನು ಪ್ರತಿಭಟಿಸಿದ ಸತ್ಯಾಗ್ರಹಿಗಳ ಕುಟುಂಬಗಳಿಗೆ ಆಶ್ರಯವಾದ ಟಾಲ್‌ಸ್ಟಾಯ್ ಫಾರಂ ಕ್ಯಾಲೆನ್‌ಬಾಕ್ ಎಂಬ ಜರ್ಮನ್ ಯೆಹೂದ್ಯ ವಾಸ್ತುಶಿಲ್ಪಿಯ ಸ್ವತ್ತು. ಆ ಸಾವಿರದ ನೂರು ಎಕರೆಗಳನ್ನು ಆತನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟನು. ಕೊಳ್ಳುವಷ್ಟು ಹಣವು ಸತ್ಯಾಗ್ರಹಿಗಳಲ್ಲಿದ್ದಿದ್ದರೂ ಅದರ ಒಡೆತನವು ಅವರಿಗೆ ನಿಷಿದ್ಧವೇ ಆಗಿದ್ದಿತು.

ಕಂಪನಿಯೊಂದನ್ನು ರಚಿಸಿ ಅದರ ಹೆಸರಿನಲ್ಲಿ ನೆಲವನ್ನು ಕೊಳ್ಳುವ ಉಪಾಯವನ್ನು ಕೆಲವರು ಹೂಡಿದಾಗ 1919ರ ಕಾಯಿದೆ ಆ ಬಾಗಿಲನ್ನೂ ಮುಚ್ಚಿತು. 1943ರಲ್ಲಿ ನಿರ್ಬಂಧವು ಡರ್ಬನ್ನಿಗೂ ವ್ಯಾಪಿಸಿತು. 1946ರ ಏಷ್ಯನ್ ಭೂಹಿಡುವಳಿ ಕಾಯಿದೆಯು ಅದನ್ನು ಸ್ಥಿರಗೊಳಿಸಿತು. ಆಗ ನಾಯ್ಕರ್, ದಾದೂ ಎಂಬ ವೈದ್ಯರಿಬ್ಬರ ನಾಯಕತ್ವದಲ್ಲಿ ಜನರು ಡರ್ಬನ್ನಿನ ಗೇಲ್ ಬೀದಿಯ ಖಾಲಿ ನಿವೇಶನದಲ್ಲಿ ಡೇರೆ ಹಾಕಿ ಕುಳಿತು ಸೆರೆಮನೆ ಸೇರಿದರು. ಭಾರತವು ವಾಣಿಜ್ಯಸಂಬಂಧವನ್ನು ಕಡಿದುಕೊಂಡಿತು. ವಿಜಯಲಕ್ಷ್ಮೀ ಪಂಡಿತರು ವಿಶ್ವಸಂಸ್ಥೆಯ ಮುಂದೆ ವಾದಿಸಿ, 15ರ ವಿರುದ್ಧ 32 ಮತಗಳಿಂದ ನಿರ್ಣಯವನ್ನು ಗೆದ್ದರು. ಆದರೂ 1950ರಲ್ಲಿ ಇನ್ನೂ ಕಠೋರವಾದ ವಲಯವಿಂಗಡಣೆಯ ಶಾಸನವು ಬಂದಿತು. ಅದರ ಬಲದಿಂದ ಜೋಹಾನ್ಸ್‌ಬರ್ಗಿನ ಪೇಜ್‌ವ್ಯೂ ಮೊದಲಾದ ಬಡಾವಣೆಗಳ ಭಾರತೀಯರನ್ನು ನಗರದ ಹೊರಗಿನ ಲೆನೇಸಿಯಾಕ್ಕೆ ಅಟ್ಟಿದರು. ಜನಾಂಗದ ಆಧಾರದ ಮೇಲೆ ನಿಂತ ಈ ಭೂಶಾಸನಗಳು ರದ್ದಾದುದು 1991ರಲ್ಲಿ, ಮೊದಲ ಕಾಯಿದೆ ಹುಟ್ಟಿದ ನೂರ ಆರು ವರ್ಷಗಳ ಮೇಲೆ; ಆ ವೇಳೆಗೆ ಪೇಜ್‌ವ್ಯೂವಿನ ಹೆಚ್ಚಿನ ಮನೆ ಅಂಗಡಿಗಳನ್ನು ಕೆಡವಿಹಾಕಿಯಾಗಿದ್ದಿತು.