ಕಣ್ಣಿನೊಳಗೆ ಕಂಡ ಹೃದಯದ ಸುದ್ದಿ

ಕಾಗವಾಡ, ಅಥಣಿ, ರಾಯಬಾಗ ಸೀಮೆಯ ಹಿರಿಯರನ್ನು ಕೇಳಿ ನೋಡಿ. ದೊಡ್ಡ ದವಾಖಾನೆ ಎಂದರೆ ಅವರಿಗೆ ಗಡಿಯಾಚೆಯ ಮಿರಜವೇ ನೆನಪಾಗುತ್ತದೆ. ಅಲ್ಲಿ ಡಾ. ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ ಆರಂಭವಾದದ್ದು 1894ರಲ್ಲಿ. ಮುಂದೆ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ನಿಪ್ಪಾಣಿ ಕಡೆಯವರು ಮೋತಿಬಿಂದು ಎನ್ನುವ ಪೊರೆಯನ್ನು ತೆಗೆದು, ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು.

ಪೊರೆ ಇರುವುದು ಕಣ್ಣಿನ ಮುಂಭಾಗದಲ್ಲಿ. ಹಿಂಭಾಗದ ಅಕ್ಷಿಪಟಲ ಹೇಳುವ ಕಥೆಯೇ ಬೇರೆ. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಅದು.

ಈ ಬಾಗಿಲನ್ನು ತೆರೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. 1851ರಲ್ಲಿ ಅವರು ಪ್ರಕಟಿಸಿದ ನೇತ್ರದರ್ಶಕದಿಂದ ಜೀವಂತ ಮನುಷ್ಯನ ಅಕ್ಷಿಪಟಲ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. 1890ರ ದಶಕದಲ್ಲಿ ಲಂಡನ್ನಿನ ಮಾರ್ಕಸ್ ಗನ್ ಒಂದು ವಿಶೇಷವನ್ನು ಗುರುತಿಸಿದರು. ಕೆಲವು ರೋಗಿಗಳಲ್ಲಿ ಅಪಧಮನಿಯು ಅಭಿಧಮನಿಯನ್ನು ದಾಟುವ ಕಡೆ, ಕೆಳಗಿನ ನಾಳ ಹಿಸುಕಿದಂತೆ ಕಾಣುತ್ತಿತ್ತು. ರಕ್ತದೊತ್ತಡ ಬಹುಕಾಲ ಹೆಚ್ಚಾಗಿದ್ದರೆ ಅಪಧಮನಿಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ, ಪಕ್ಕದ ಮೆತ್ತನೆಯ ನಾಳವನ್ನು ಅದುಮುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ರಿವಾ-ರೋಚಿಯವರ ಸಾಧನ ಬಂದದ್ದೂ ಅದೇ ದಶಕದಲ್ಲಿ, 1896ರಲ್ಲಿ!

1939ರಲ್ಲಿ ಅಮೆರಿಕದ ಕೀತ್, ವ್ಯಾಗನರ್ ಮತ್ತು ಬಾರ್ಕರ್ ಈ ಬದಲಾವಣೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದ ರೋಗಿಗಳಲ್ಲಿ ಮೂರು ವರ್ಷಗಳ ನಂತರ ನೂರಕ್ಕೆ 70 ಮಂದಿ ಬದುಕಿದ್ದರು, ನಾಲ್ಕನೆಯ ಹಂತದವರಲ್ಲಿ ಕೇವಲ 6 ಮಂದಿ. ಒಳ್ಳೆಯ ಔಷಧಿಗಳಿಲ್ಲದ ಕಾಲವದು. ಇಂದು ಚಿಕಿತ್ಸೆಯಿದೆ, ಆದರೆ ರೋಗ ಗೊತ್ತಾಗಬೇಕಷ್ಟೆ.

ಕಷ್ಟವಿರುವುದು ಅಲ್ಲಿಯೇ. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋಯುವುದಿಲ್ಲ. ಚಿಕ್ಕೋಡಿಯ ರೈತ ನೆಟ್ಟಗೆ ಹೊಲಕ್ಕೆ ಹೋಗುತ್ತಿರುತ್ತಾನೆ. ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ಬೀಡಿ ಸೇದುವವನಿಗೂ ತನ್ನ ನಾಳಗಳು ಕೆಡುತ್ತಿರುವುದು ತಿಳಿಯುವುದಿಲ್ಲ. ಚಾಳೀಸಿನ ನಂಬರಿಗೆಂದು ಹೋದಾಗ ವೈದ್ಯರು ಕಣ್ಣಿನ ಹಿಂಭಾಗವನ್ನೂ ನೋಡಿದರೆ, ಈ ಗುಟ್ಟು ಹೊರಬೀಳಬಹುದು.

2018ರಲ್ಲಿ ಪ್ರಕಟವಾದ ಗೂಗಲ್ ಸಂಶೋಧನೆಯೊಂದರಲ್ಲಿ 2,84,335 ಜನರ ಅಕ್ಷಿಪಟಲದ ಚಿತ್ರಗಳಿಂದ ಕಂಪ್ಯೂಟರಿಗೆ ಕಲಿಸಲಾಯಿತು. ಚಿತ್ರ ನೋಡಿಯೇ ಅದು ವಯಸ್ಸು, ರಕ್ತದೊತ್ತಡ, ಧೂಮಪಾನಗಳನ್ನು ತಕ್ಕಮಟ್ಟಿಗೆ ಅಂದಾಜು ಮಾಡಿತು. ಹಾಗೆಂದು ಕಣ್ಣಿನ ಪರೀಕ್ಷೆಯೊಂದೇ ಸಾಲದು. ಕಣ್ಣು ಚೆನ್ನಾಗಿದೆ ಎಂದರೆ ಹೃದಯವೂ ಚೆನ್ನಾಗಿದೆ ಎಂದಲ್ಲ. ತೋಳಿನ ಪಟ್ಟಿಯ ಅಳತೆ, ರಕ್ತದ ಸಕ್ಕರೆಯ ಪರೀಕ್ಷೆ ಬೇಕೇ ಬೇಕು.

ಆದ್ದರಿಂದ ನಲವತ್ತು ದಾಟಿದವರು, ಬಿ.ಪಿ. ಅಥವಾ ಸಕ್ಕರೆ ರೋಗ ಇರುವವರು ಕಣ್ಣಿನ ವೈದ್ಯರಲ್ಲಿಗೆ ಹೋದಾಗ, "ಡಾಕ್ಟರೇ, ಹಿಂದಿನ ಪರದೆಯನ್ನೂ ನೋಡಿರಿ" ಎಂದು ಕೇಳಿ. ಹನಿ ಹಾಕಿದರೆ ಕೆಲವು ತಾಸು ಕಣ್ಣು ಮಂಜಾಗುತ್ತದೆ. ಆ ದಿನ ಮೋಟರ್ ಸೈಕಲ್ ಓಡಿಸದೆ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಬಿ.ಪಿ.ಯನ್ನೂ ಅಲ್ಲಿಯೇ ನೋಡಿಸಿಬಿಡಿ.