ದಾರಿಯ ಹಕ್ಕು: ಕಾಲ್ನಡೆ, ಕುದುರೆ ಮತ್ತು ಸೈಕಲ್

ಸಲಾಮಿನ ಶಿಷ್ಟಾಚಾರದ ಪಾಠ ನಡೆಯುತ್ತಿತ್ತು. ಸವಾರನು ನಡೆಯುವವನಿಗೆ, ನಡೆಯುವವನು ಕುಳಿತವನಿಗೆ, ಸಣ್ಣ ಗುಂಪು ದೊಡ್ಡ ಗುಂಪಿಗೆ ಮೊದಲು ಸಲಾಂ ಹೇಳಬೇಕೆಂಬ ಪ್ರವಾದಿ(ಸ)ರವರ ಆದೇಶವನ್ನು ಅಬೂಹುರೈರ(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಅದು ದಾಖಲಾಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಉಸ್ತಾದ್, ಸೈಕಲಿನಲ್ಲಿ ಹೋಗುವವನೂ ಸವಾರನೇ?" ಎಂದು ಕೇಳಿದನು. ತರಗತಿಯೇ ನಕ್ಕಿತು. ಆದರೆ ಇದು ನಗುವ ಪ್ರಶ್ನೆಯಲ್ಲ. 1879ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರೂ ಇದೇ ಪ್ರಶ್ನೆಯ ಮುಂದೆ ತಲೆ ಕೆರೆದುಕೊಂಡಿದ್ದರು.

ಆ ದೇಶದ ಹೆದ್ದಾರಿ ಕಾಯ್ದೆಯು 1835ರದು. ಗಾಡಿಯನ್ನು ಉನ್ಮತ್ತ ವೇಗದಲ್ಲಿ ಓಡಿಸುವುದು ಅದರ ಪ್ರಕಾರ ಅಪರಾಧ. ಕಾಯ್ದೆ ಬರೆದವರು ಸೈಕಲನ್ನು ಕಂಡವರಲ್ಲ. ಹಾಗಾದರೆ ವೇಗವಾಗಿ ಸೈಕಲ್ ತುಳಿದವನಿಗೆ ದಂಡ ವಿಧಿಸಬಹುದೇ? ಟೇಲರ್ ಮತ್ತು ಗುಡ್ವಿನ್ ಎಂಬವರ ನಡುವಣ ಮೊಕದ್ದಮೆಯಲ್ಲಿ, ಸೈಕಲ್ ಕೂಡ ಗಾಡಿಯೇ ಎಂದು ತೀರ್ಪಾಯಿತು. 1888ರ ಕಾಯ್ದೆಯು ಅದನ್ನೇ ಸ್ಥಿರೀಕರಿಸಿ, ಗಾಡಿಯನ್ನಾಗಲಿ ಕುದುರೆಯನ್ನಾಗಲಿ ಪಾದಚಾರಿಯನ್ನಾಗಲಿ ಹಿಂದಿಕ್ಕುವ ಮೊದಲು ಸೈಕಲ್ ಸವಾರನು ಗಂಟೆಯ ಮೂಲಕವೋ ಸೀಟಿಯ ಮೂಲಕವೋ ತನ್ನ ಬರವನ್ನು ತಿಳಿಸಬೇಕೆಂದು ವಿಧಿಸಿತು. ಹೀಗೆ ಸೈಕಲಿಗೆ ರಸ್ತೆ ದೊರೆಯಿತು. ಆದರೆ ಗಾಡಿ ಎನಿಸಿಕೊಂಡ ಮಾತ್ರಕ್ಕೇ ಹೊಲಗದ್ದೆಗಳ ನಡುವಿನ ಕಾಲುದಾರಿಯೂ, ಕುದುರೆಗೆಂದು ಬಿಟ್ಟ 'ಬ್ರೈಡಲ್‌ವೇ' ಎಂಬ ಹಾದಿಯೂ ಅದಕ್ಕೆ ದಕ್ಕಲಿಲ್ಲ.

ಹಾಗೆಂದು ನಡೆಯುವವನು ಸುಖವಾಗಿದ್ದನೇ? ಇಲ್ಲ. ಸಾರ್ವಜನಿಕರು ಓಡಾಡುತ್ತಿದ್ದ ಬಯಲುಗಳು ಬೇಲಿ ಕಾಯ್ದೆಗಳಿಂದಾಗಿ ಒಂದೊಂದಾಗಿ ಜಮೀನ್ದಾರರ ಪಾಲಾಗಿದ್ದವು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಗರಗಳ ನಡುವಿರುವ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲು ಶ್ರೀಮಂತರು ಹಕ್ಕಿ ಬೇಟೆಗೆಂದು ಕಾದಿರಿಸಿಕೊಂಡ ನೆಲವಾಗಿತ್ತು. ವಾರವಿಡೀ ಕಾರ್ಖಾನೆಯ ಹೊಗೆ ಕುಡಿದ ಕಾರ್ಮಿಕನಿಗೆ ಭಾನುವಾರವೂ ಅಲ್ಲಿ ಕಾಲಿಡಲು ಅನುಮತಿಯಿರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಯುವಕ ಯುವತಿಯರು ಬೇಕೆಂದೇ ಆ ಬೆಟ್ಟವನ್ನೇರಿದರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಅತಿಕ್ರಮ ಪ್ರವೇಶವು ಅಪರಾಧವಲ್ಲದ್ದರಿಂದ ಗಲಭೆಯ ಆರೋಪ ಹೊರಿಸಿ ಐವರನ್ನು ಎರಡರಿಂದ ಆರು ತಿಂಗಳವರೆಗೆ ಸೆರೆಮನೆಗೆ ಕಳುಹಿಸಲಾಯಿತು. ಅವರ ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ರೊಮೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಮಗ. ಆ ನೆಲದ ಒಡೆಯನಾಗಿದ್ದ ಡೆವನ್‌ಷೈರ್ ಡ್ಯೂಕನ ಮೊಮ್ಮಗನು ಎಪ್ಪತ್ತು ವರ್ಷಗಳ ಬಳಿಕ, 2002ರಲ್ಲಿ, ತನ್ನ ಅಜ್ಜನ ನಡೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದನು.

1949ರ ಕಾಯ್ದೆಯು ಹಳೆಯ ಹಾದಿಗಳನ್ನೆಲ್ಲ ಸರ್ವೇ ಮಾಡಿ ನಕ್ಷೆಯಲ್ಲಿ ಗುರುತಿಸಬೇಕೆಂದು ಕೌಂಟಿ ಆಡಳಿತಗಳಿಗೆ ಹೊಣೆ ಹೊರಿಸಿತು. ಕಿಂಡರ್ ಸ್ಕೌಟ್ ಇರುವ ಪೀಕ್ ಡಿಸ್ಟ್ರಿಕ್ಟ್ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಸೈಕಲಿನ ಸರದಿ ಬಂದದ್ದು 1968ರಲ್ಲಿ. ಆ ವರ್ಷದ ಗ್ರಾಮಾಂತರ ಕಾಯ್ದೆಯ 30ನೇ ಕಲಮು ನನ್ನ ದೃಷ್ಟಿಯಲ್ಲಿ ಬಹಳ ಗಮನಾರ್ಹವಾದುದು. ಕುದುರೆಹಾದಿಯಲ್ಲಿ ಸೈಕಲ್ ಸವಾರಿ ಮಾಡುವ ಹಕ್ಕನ್ನು ಅದು ಜನರಿಗೆ ನೀಡಿತು; ಅದೇ ಉಸಿರಿನಲ್ಲಿ, ಸೈಕಲ್ ಸವಾರನು ನಡೆಯುವವರಿಗೂ ಕುದುರೆಯ ಮೇಲಿರುವವರಿಗೂ ದಾರಿ ಬಿಟ್ಟುಕೊಡಬೇಕೆಂದೂ ಹೇಳಿತು. ಹಕ್ಕು ಮತ್ತು ಹೊಣೆ ಒಂದೇ ವಾಕ್ಯದಲ್ಲಿವೆ. ನಮ್ಮ ಫಿಕ್‌ಹ್ ಓದಿದವರಿಗೆ ಇದು ಹೊಸ ಮಾತೇನಲ್ಲ. ಉಸ್ಮಾನಿಯಾ ಸಾಮ್ರಾಜ್ಯವು 1869ರಿಂದ 1876ರ ನಡುವೆ ಹನಫೀ ಮದ್ಸಬಿನ ನಿಯಮಗಳನ್ನು ಕ್ರೋಡೀಕರಿಸಿದ 'ಮಜಲ್ಲ'ದ 926ನೇ ನಿಯಮವು ಸಾರ್ವಜನಿಕ ದಾರಿಯಲ್ಲಿ ಸಾಗುವ ಹಕ್ಕನ್ನು ಎಲ್ಲರಿಗೂ ಮಾನ್ಯ ಮಾಡುತ್ತದೆ. ಆದರೆ ಪರರ ಸುರಕ್ಷೆಯ ಷರತ್ತಿನ ಮೇಲೆ. ಹಮಾಲಿಯ ಹೊರೆ ಬಿದ್ದು ಇನ್ನೊಬ್ಬನ ಸೊತ್ತು ಹಾಳಾದರೆ ಹಮಾಲಿಯೇ ಹೊಣೆಗಾರನೆಂಬ ಉದಾಹರಣೆಯನ್ನೂ ಅಲ್ಲಿ ಕೊಡಲಾಗಿದೆ.

ಸೈಕಲ್ ಏಕೆ ಕುದುರೆಗೆ ದಾರಿ ಬಿಡಬೇಕು, ಕುದುರೆಯೇ ಬಲಶಾಲಿಯಲ್ಲವೇ ಎಂದು ಕೇಳಬಹುದು. ಕುದುರೆಯು ಬೇಟೆಗೆ ಗುರಿಯಾಗುವ ಕುಲದ ಪ್ರಾಣಿ; ಓಟವೇ ಅದರ ರಕ್ಷಣೆ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ನೇರ ಬೆನ್ನ ಹಿಂದಿನದು ಅದಕ್ಕೆ ಕಾಣದು. ಸದ್ದಿಲ್ಲದೆ ಹಿಂದಿನಿಂದ ನುಗ್ಗಿದ ಸೈಕಲು ಅದಕ್ಕೆ ಚಿರತೆಯಿದ್ದಂತೆ. ಅದು ಬೆದರಿ ಹಾರಿದರೆ ನೆಲಕ್ಕೆ ಬೀಳುವವನು ಮೇಲಿರುವ ಮನುಷ್ಯ. ಆದ್ದರಿಂದ ದೂರದಿಂದಲೇ ಸೌಮ್ಯವಾಗಿ ಮಾತನಾಡಿಸುತ್ತ, ನಿಧಾನವಾಗಿ ದಾಟಬೇಕು. ಮನುಷ್ಯನ ದನಿ ಕೇಳಿದರೆ ಕುದುರೆಗೆ ಬರುತ್ತಿರುವುದೇನೆಂದು ತಿಳಿಯುತ್ತದೆ. ಸವಾರನೇ ಮೊದಲು ಸಲಾಂ ಹೇಳಬೇಕೆಂಬುದಕ್ಕೆ ಹದೀಸ್ ವ್ಯಾಖ್ಯಾನಕಾರರು ಕೊಟ್ಟ ಕಾರಣ ಏರಿದವನಿಗೆ ಅಹಂಕಾರ ಬಾರದಿರಲಿ ಎಂಬುದು. ಎದುರಿನವನ ಭಯ ನೀಗುವುದೂ ಅದರಲ್ಲಿ ಸೇರಿದೆಯೆಂದು ನನಗನಿಸುತ್ತದೆ.

ಈ 1968ರ ಕಾಯ್ದೆಗೆ ಒಂದು ಜಿಪುಣತನವೂ ಇತ್ತು. ಹಾದಿಯನ್ನು ಸೈಕಲಿಗೆ ತಕ್ಕಂತೆ ಸರಿಪಡಿಸುವ ಹೊಣೆ ಯಾರ ಮೇಲೂ ಇಲ್ಲವೆಂದು ಅದು ಸ್ಪಷ್ಟವಾಗಿ ಹೇಳಿತು. ಇಂದಿಗೂ ಇಂಗ್ಲೆಂಡಿನ ಗ್ರಾಮೀಣ ಹಾದಿಗಳಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ಕುದುರೆಗೂ ಸೈಕಲಿಗೂ ತೆರೆದಿದೆ. ಇಕ್ಕಟ್ಟಾದ ಕೆಸರುಹಾದಿಯಲ್ಲಿ ಎಲ್ಲರನ್ನೂ ನೂಕಿದರೆ ಜಗಳವಾಗದೆ ಇರುತ್ತದೆಯೇ? ಜಗಳದಲ್ಲಿ ಪ್ರತಿಯೊಬ್ಬನೂ ತಾನೇ ಮೂಲನಿವಾಸಿ, ಉಳಿದವರು ಅತಿಕ್ರಮಿಗಳು ಎಂದು ಭಾವಿಸುತ್ತಾನೆ.

ನಾಯಿಗಳ ವಿಷಯಕ್ಕೂ ಬರಬೇಕು. 2000ದ ಕಾಯ್ದೆಯು ಬೆಟ್ಟ ಬಯಲುಗಳನ್ನು ಕಾಲ್ನಡೆಗೆ ತೆರೆದಾಗ, ಮಾರ್ಚ್ 1ರಿಂದ ಜುಲೈ 31ರವರೆಗೆ ಅಲ್ಲಿ ನಾಯಿಯನ್ನು ಎರಡು ಮೀಟರ್ ಮೀರದ ಹಗ್ಗದಲ್ಲಿ ಹಿಡಿದಿರಬೇಕೆಂದು ವಿಧಿಸಿತು. ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡುವ ಕಾಲ. ಜಾನುವಾರುಗಳ ಬಳಿ ವರ್ಷವಿಡೀ ಈ ನಿಯಮವುಂಟು. ನಮ್ಮ ಕರಾವಳಿಯ ಶಾಫಿಈಗಳು ನಾಯಿ ಕಂಡರೆ ಬಟ್ಟೆ ಎತ್ತಿಕೊಂಡು ಸರಿಯುವವರು. ಒದ್ದೆ ತಗುಲಿದರೆ ಮಣ್ಣು ಸೇರಿಸಿ ಏಳು ಸಲ ತೊಳೆಯಬೇಕಲ್ಲವೇ! ಮಾಲಿಕೀಗಳಿಗೆ ಈ ಚಿಂತೆಯಿಲ್ಲ. ಆದರೆ ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದವನಿಗೆ ಅಲ್ಲಾಹನು ಕ್ಷಮೆ ನೀಡಿದ ವೃತ್ತಾಂತವನ್ನು ಎಲ್ಲ ಮದ್ಸಬಿನವರೂ ಓದುತ್ತಾರೆ.

2021ರ ಕ್ರಿಸ್ಮಸ್ ದಿನ ಬ್ರಿಟನ್ನಿನ ನೂರಕ್ಕೂ ಹೆಚ್ಚು ಮುಸ್ಲಿಮರು ಪೀಕ್ ಡಿಸ್ಟ್ರಿಕ್ಟಿನ ಮ್ಯಾಮ್ ಟೋರ್ ಬೆಟ್ಟವನ್ನು ಜೊತೆಯಾಗಿ ಏರಿದರು. ಅದರ ಚಿತ್ರಗಳು ಪ್ರಕಟವಾದಾಗ, ಇಷ್ಟು ಮಂದಿ ಒಟ್ಟಿಗೆ ಬಂದರೆ ಹಾದಿ ಸವೆಯುತ್ತದೆ, ಇವರು ನಿಜವಾದ ಚಾರಣಿಗರಲ್ಲ ಎಂಬಂತಹ ಆಕ್ಷೇಪಗಳು ಬಂದವು. ಬೆನ್ನಿಗೇ ಜನಾಂಗದ್ವೇಷದ ಮಾತುಗಳೂ ಬಂದವು. ಹಾದಿ ಸವೆಯುವ ಚಿಂತೆ ನ್ಯಾಯವಾದುದೇ. ಆದರೆ ಆ ಚಿಂತೆ ಕೆಲವರ ಕಾಲುಗಳನ್ನು ಕಂಡಾಗ ಮಾತ್ರ ಏಕೆ ಹುಟ್ಟುತ್ತದೆ? ಮ್ಯಾಮ್ ಟೋರ್ ತುದಿಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ, ಎಡೇಲ್ ಕಣಿವೆಯ ಆಚೆಗೆ ಉದ್ದಕ್ಕೆ ಮಲಗಿರುವುದೇ ಕಿಂಡರ್ ಸ್ಕೌಟ್.