ವಿಲೋಮ ಓಪಲ್

ವಿಲೋಮ ಓಪಲ್ ಎಂಬುದು ಸಮಗಾತ್ರದ ಸೂಕ್ಷ್ಮ ಗೋಲಗಳನ್ನು ಅಚ್ಚಾಗಿ ಬಳಸಿ ತಯಾರಿಸುವ, ಕ್ರಮಬದ್ಧ ರಂಧ್ರಗಳುಳ್ಳ ಘನವಸ್ತು. ಇದು ಫೋಟಾನಿಕ್ ಸ್ಫಟಿಕಗಳ ಒಂದು ಬಗೆ. ಇದರ ಹೊಳೆಯುವ ಬಣ್ಣಕ್ಕೆ ಮೂಲ ವರ್ಣದ್ರವ್ಯವಲ್ಲ, ರಂಧ್ರಗಳ ಜೋಡಣೆ. ನವಿಲುಗರಿಯ ಬಣ್ಣಗಳೂ ಹೀಗೆಯೇ ಸೂಕ್ಷ್ಮರಚನೆಯಿಂದ ಉಂಟಾಗುತ್ತವೆ.

ಹಿನ್ನೆಲೆ

ಓಪಲ್ ನೀರಿನಂಶವುಳ್ಳ ಸಿಲಿಕಾದಿಂದಾದ ರತ್ನ. ಬೆಂಗಳೂರಿನಲ್ಲಿ ಸಿ.ವಿ.ರಾಮನ್ ಮತ್ತು ಎ.ಜಯರಾಮನ್ ಅದರ ರಚನೆ ಹಾಗೂ ವರ್ಣವೈಭವದ ಮೂಲವನ್ನು ಕುರಿತು 1953ರಲ್ಲಿ ಪ್ರಬಂಧ ಪ್ರಕಟಿಸಿದರು. ಅದು ಸಮಗಾತ್ರದ ಸಿಲಿಕಾ ಗೋಲಗಳ ಒತ್ತಾದ ಜೋಡಣೆ ಎಂಬುದನ್ನು 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು. 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಪ್ರತ್ಯೇಕವಾಗಿ ಫೋಟಾನಿಕ್ ಸ್ಫಟಿಕದ ಪರಿಕಲ್ಪನೆಯನ್ನು ಮುಂದಿಟ್ಟರು. ಗೋಲಗಳ ಅಚ್ಚಿನಿಂದ ಸರಂಧ್ರ ಸಿಲಿಕಾ ತಯಾರಿಸಿದ ವರದಿ 1997ರಲ್ಲಿಯೂ ಟೈಟಾನಿಯಾ ಮೊದಲಾದ ಆಕ್ಸೈಡ್‌ಗಳ ವರದಿಗಳು 1998ರಲ್ಲಿಯೂ ಪ್ರಕಟವಾದವು.

ತಯಾರಿಕೆ

ಲೋಹಶಿಲ್ಪಿಗಳು ಮೇಣದ ಬೊಂಬೆಯ ಸುತ್ತ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆಯುವ ಕ್ರಮವನ್ನು ಇದು ಹೋಲುತ್ತದೆ. ಇದರಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ.

1. ಜೋಡಣೆ: ಪಾಲಿಸ್ಟೈರೀನ್ ಅಥವಾ ಸಿಲಿಕಾ ಗೋಲಗಳು ತೇಲುತ್ತಿರುವ ದ್ರವವನ್ನು ನಿಧಾನವಾಗಿ ಆವಿಯಾಗಿಸಿದರೆ, ಅಥವಾ ಗೋಲಗಳು ತಳಕ್ಕಿಳಿಯಲು ಬಿಟ್ಟರೆ, ಅವು ಸಾಲುಸಾಲಾಗಿ ಒತ್ತಾಗಿ ಕೂರುತ್ತವೆ. ಗೋಚರ ಬೆಳಕಿಗೆ ಸಾಮಾನ್ಯವಾಗಿ 200ರಿಂದ 500 ನ್ಯಾನೊಮೀಟರ್ ವ್ಯಾಸದ ಗೋಲಗಳನ್ನು ಬಳಸುತ್ತಾರೆ.
2. ತುಂಬುವಿಕೆ: ಗೋಲಗಳ ನಡುವಣ ಸಂದುಗಳಿಗೆ ಲೋಹದ ಆಲ್ಕಾಕ್ಸೈಡಿನಂತಹ ದ್ರವವನ್ನು ಹೀರಿಸಿ ಗಟ್ಟಿಗೊಳಿಸುತ್ತಾರೆ.
3. ಅಚ್ಚಿನ ನಿವಾರಣೆ: ಪಾಲಿಸ್ಟೈರೀನನ್ನು ಸುಟ್ಟು ಅಥವಾ ದ್ರಾವಕದಲ್ಲಿ ಕರಗಿಸಿ, ಸಿಲಿಕಾವನ್ನು ಹೈಡ್ರೊಫ್ಲೋರಿಕ್ ಆಮ್ಲದಿಂದ ಕರಗಿಸಿ ತೆಗೆಯುತ್ತಾರೆ.

ಗೋಲಗಳು ಪರಸ್ಪರ ತಾಗಿದ್ದ ಎಡೆಗಳಲ್ಲಿ ಕಿಂಡಿಗಳು ಉಳಿಯುವುದರಿಂದ ರಂಧ್ರಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ರಚನೆ ಮತ್ತು ಬೆಳಕು

ಒತ್ತಾದ ಜೋಡಣೆಯಲ್ಲಿ ಗೋಲಗಳು ಸುಮಾರು ಶೇ. 74ರಷ್ಟು ಜಾಗವನ್ನು ತುಂಬುತ್ತವೆ. ಅಚ್ಚು ತೆಗೆದ ಮೇಲೆ ಅಷ್ಟೂ ಗಾಳಿಯಾಗಿ, ಶೇ. 26ರಷ್ಟು ಮಾತ್ರ ಘನವಸ್ತು ಉಳಿಯುತ್ತದೆ. ರಂಧ್ರಗಳ ಪದರಗಳಿಂದ ಮರಳಿದ ಅಲೆಗಳು ಪರಸ್ಪರ ಬಲಗೊಂಡು ನಿರ್ದಿಷ್ಟ ಬಣ್ಣವಾಗಿ ಕಾಣುತ್ತವೆ. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಯಾವ ದಿಕ್ಕಿನಲ್ಲಿಯೂ ನಿರ್ದಿಷ್ಟ ತರಂಗದೂರದ ಬೆಳಕು ಸಾಗದಂತೆ ತಡೆಯುವ ಪೂರ್ಣ ಪಟ್ಟಿ ಅಂತರಕ್ಕೆ ಘನವಸ್ತುವಿನ ವಕ್ರೀಭವನ ಸೂಚ್ಯಂಕ ಸುಮಾರು 2.8ಕ್ಕಿಂತ ಹೆಚ್ಚಿರಬೇಕು. ಸಿಲಿಕಾದ ಸೂಚ್ಯಂಕ ಸುಮಾರು 1.45 ಮಾತ್ರ. ಆದ್ದರಿಂದ 2000ದಲ್ಲಿ ವರದಿಯಾದ ಸಿಲಿಕಾನ್ ವಿಲೋಮ ಓಪಲ್ ಮಹತ್ವದ್ದು.

ಕರ್ನಾಟಕದಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್.ರಾವ್ ಅವರ ತಂಡವು ಪಾಲಿಸ್ಟೈರೀನ್ ಗೋಲಗಳ ಅಚ್ಚಿನಿಂದ ಮೂರೂ ಆಯಾಮಗಳಲ್ಲಿ ರಂಧ್ರಗಳು ಕೂಡಿಕೊಂಡಿರುವ ಆಕ್ಸೈಡ್‌ಗಳನ್ನು ತಯಾರಿಸಿ 2000ದಲ್ಲಿ ಪ್ರಕಟಿಸಿತು. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಎಂಬ ಅವರ ಪೂರ್ಣ ಹೆಸರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯ ಹೆಸರಿದೆ.

ಉಪಯೋಗ ಮತ್ತು ಮಿತಿ

ರಂಧ್ರಗಳೊಳಗೆ ದ್ರವ ಅಥವಾ ಆವಿ ಸೇರಿದರೆ ಸರಾಸರಿ ವಕ್ರೀಭವನ ಸೂಚ್ಯಂಕ ಹೆಚ್ಚಿ, ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಈ ಗುಣದಿಂದ ಇವು ಸಂವೇದಕಗಳಾಗಿ ಉಪಯುಕ್ತ. ವೇಗವರ್ಧಕ ಹಾಗೂ ಬ್ಯಾಟರಿಯ ವಿದ್ಯುದ್ವಾರಗಳಾಗಿಯೂ ಇವುಗಳ ಅಧ್ಯಯನ ನಡೆದಿದೆ. ಗೋಲಗಳ ಗಾತ್ರ ಏರುಪೇರಾದರೆ ಅಥವಾ ಜೋಡಣೆಯಲ್ಲಿ ದೋಷವಿದ್ದರೆ ಅದು ಅಂತಿಮ ವಸ್ತುವಿನಲ್ಲಿಯೂ ಉಳಿದು ಬಣ್ಣವನ್ನು ಮಸುಕಾಗಿಸುತ್ತದೆ. ಕಾಯಿಸುವಾಗ ವಸ್ತು ಕುಗ್ಗಿ ಬಿರುಕು ಬಿಡುವುದು ಈ ವಿಧಾನದ ಮುಖ್ಯ ತೊಡಕು.